ಪಾಸ್‌ವರ್ಡ್ ಸರಿಯಿದ್ರೂ ಲಿನಕ್ಸ್ ಒಳಗೆ ಬಿಡ್ತಿಲ್ವಾ? ಮತ್ತೆ ಫಾರ್ಮ್ಯಾಟ್ ಹೊಡೆಯುವ ಮೊದಲು ಇದನ್ನು ನೋಡಿ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಳೇ ಮಷಿನ್‌ಗಳಲ್ಲಿ ಇರುವುದಿಲ್ಲ. ಹಾಗಾಗಿ ಗಂಗಾವತಿಯ ರೈಸ್ ಮಿಲ್ ಆಫೀಸು, ರಾಯಚೂರಿನ ಅಡತಿ ಅಂಗಡಿ, ಬಳ್ಳಾರಿಯ ಜೀನ್ಸ್ ಯೂನಿಟ್ಟು, ಹೀಗೆ ಅಲ್ಲಲ್ಲಿ ವಿಂಡೋಸ್ ಬದಲು ಲಿನಕ್ಸ್‌ನ ಬಗೆಗಳಾದ ಮಿಂಟೋ ಉಬುಂಟುವೋ ಕಾಣಿಸತೊಡಗಿದೆ. ಹಾಕಿಸಿದ ಮರುದಿನ ಬರುವ ಫೋನ್ ಮಾತ್ರ ಎಲ್ಲ ಕಡೆಯಿಂದಲೂ ಒಂದೇ ಥರ: "ಸರ, ಪಾಸ್‌ವರ್ಡ್ ತಗೊಳ್ಳವಲ್ದು ರೀ."

ಈ ಒಂದು ದೂರಿನ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ತೊಂದರೆಗಳು ಇರಬಹುದು. ಆದರೆ ಅಂಗಡಿಗೆ ಒಯ್ದರೆ ಸಿಗುವ ಮದ್ದು ಒಂದೇ, "ಇನ್ನೊಂದ್ಸಲ ಫಾರ್ಮ್ಯಾಟ್ ಹೊಡಿಯೋಣ." ಹೊಡೆದರೂ ಎಷ್ಟೋ ಸಲ ತೊಂದರೆ ಹಾಗೇ ಇರುತ್ತದೆ. ಇನ್‌ಸ್ಟಾಲ್ ಮಾಡುವವರು ಮತ್ತೆ ಅದೇ ಕೀಬೋರ್ಡ್ ಆರಿಸುತ್ತಾರೆ, ಒಳಗಿರುವ ಗ್ರಾಫಿಕ್ಸ್ ಕಾರ್ಡೂ ಅದೇ. ಬದಲಾಗುವುದು ಏನು? ನಿಮ್ಮ ಫೈಲ್‌ಗಳು ಹೋಗುತ್ತವೆ, ಅಷ್ಟೇ.

ಕೆಳಗೆ ಇರುವುದು ನಾನು ಫೋನಿನಲ್ಲಿ ಕೇಳುವ ಪ್ರಶ್ನೆಗಳ ಕ್ರಮ. ಕಮಾಂಡ್‌ಗಳನ್ನೂ ಫೋನಿನಲ್ಲಿ ಬಿಡಿಸಿ ಹೇಳುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ, ದೊಡ್ಡಕ್ಷರ ಎಂದು ಹೇಳದಿದ್ದರೆ, ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ. 'ಸ್ಪೇಸ್' ಎಂದಲ್ಲಿ ಮಾತ್ರ ಜಾಗ ಬಿಡಿ, ಉಳಿದದ್ದು ಕೂಡಿಸಿ. 'ಸುಡೊ' ಅಂದರೆ ಎಸ್, ಯು, ಡಿ, ಒ, ಮುಂದಿನ ಕೆಲಸವನ್ನು ಪೂರ್ತಿ ಅಧಿಕಾರದಲ್ಲಿ ಮಾಡು ಎಂದರ್ಥ. 'ಹೆಸರು' ಎಂದಲ್ಲಿ ನಿಮ್ಮ ಯೂಸರ್‌ನೇಮ್ ಹಾಕಿ.

ಎಂಟರ್ ಹೊಡೆದ ಮೇಲೆ ಏನಾಯಿತು?

ಮೊದಲ ಪ್ರಶ್ನೆ ಇದು. ಉತ್ತರ ಮಾತ್ರ ಸುಲಭಕ್ಕೆ ಸಿಗುವುದಿಲ್ಲ.

"ಅಣ್ಣಾ, ಎಂಟರ್ ಹೊಡೆದ ಮೇಲೆ ಏನಾತು?"

"ಏನಿಲ್ರಿ, ತಗೊಳ್ಳವಲ್ದು."

"ತಪ್ಪು ಅಂತ ಬರೆದು ತೋರಸ್ತೈತೋ, ಸುಮ್ನ ಕಪ್ಪಾಗಿ ವಾಪಸ್ ಬರ್ತೈತೋ?"

"ಹಾಂ, ಕಪ್ಪಾಗಿ ವಾಪಸ್ ಬರ್ತೈತ್ರಿ."

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಎರಡು ಮೂರು ಸೆಕೆಂಡ್ ತಡೆದು 'ಪಾಸ್‌ವರ್ಡ್ ತಪ್ಪು' ಎಂಬ ಸಂದೇಶ ಬಂದರೆ, ನೀವು ಹೊಡೆದ ಅಕ್ಷರಗಳು ಸಿಸ್ಟಮ್ ನೆನಪಿಟ್ಟುಕೊಂಡ ಅಕ್ಷರಗಳಿಗೆ ಹೊಂದುತ್ತಿಲ್ಲ. ಸಂದೇಶವೇ ಇಲ್ಲದೆ ಸ್ಕ್ರೀನ್ ಒಮ್ಮೆ ಕಪ್ಪಾಗಿ ಅದೇ ಲಾಗಿನ್ ಪುಟಕ್ಕೆ ಮರಳಿದರೆ, ಪಾಸ್‌ವರ್ಡ್ ಸರಿಯಾಗಿಯೇ ಇದೆ, ಡೆಸ್ಕ್‌ಟಾಪ್ ಶುರುವಾಗುವಾಗ ಬೀಳುತ್ತಿದೆ. ಕಪ್ಪಾಗಿ ಹಾಗೇ ಉಳಿದರೆ ಗ್ರಾಫಿಕ್ಸ್ ಮೇಲೆ ಅನುಮಾನ. ಲಾಗಿನ್ ಪುಟವೇ ಬರದೆ ಬರೀ ಅಕ್ಷರಗಳು ನಿಂತಿದ್ದರೆ ಡಿಸ್ಕ್ ಕಡೆ ನೋಡಬೇಕು.

ಇವೆಲ್ಲಕ್ಕೂ ಮೊದಲು, ಪೆನ್‌ಡ್ರೈವ್ ತೆಗೆದಿದ್ದೀರಾ? ಅದು ಇನ್ನೂ ಚುಚ್ಚಿಕೊಂಡೇ ಇದ್ದರೆ ಮಷಿನ್ ಮತ್ತೆ ಪೆನ್‌ಡ್ರೈವ್‌ನಿಂದಲೇ ಶುರುವಾಗಿರಬಹುದು. ಅಲ್ಲಿರುವ ಯೂಸರ್ 'ಮಿಂಟ್' ಅಥವಾ 'ಉಬುಂಟು', ಪಾಸ್‌ವರ್ಡ್ ಖಾಲಿ. ನೀವು ಇಟ್ಟ ಹೆಸರು ಅದಕ್ಕೆ ಗೊತ್ತೇ ಇರುವುದಿಲ್ಲ.

'ಪಾಸ್‌ವರ್ಡ್ ತಪ್ಪು' ಎಂದರೆ ಕೀಬೋರ್ಡ್ ನೋಡಿ

ಕನ್ನಡಿಗರ ಮಷಿನ್‌ಗಳಲ್ಲಿ ಹೆಚ್ಚು ಕಾಣುವ ತೊಂದರೆ ಇದು. ಇಂಗ್ಲಿಷ್ ಗೈಡ್‌ಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಇನ್‌ಸ್ಟಾಲ್ ಮಾಡುವಾಗ ಕೀಬೋರ್ಡ್ ಯಾವುದು ಎಂದು ಕೇಳುತ್ತದೆ. ನಮ್ಮ ಭಾಷೆ ಇರಲಿ ಎಂದು ಹಲವರು ಕನ್ನಡ ಆರಿಸುತ್ತಾರೆ. ಕನ್ನಡದಲ್ಲೂ ಎರಡು ಬಗೆ. ಒಂದು ಇನ್‌ಸ್ಕ್ರಿಪ್ಟ್, ಇನ್ನೊಂದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಹಿಡಿದು ಮಾಡಿದ ಕಗಪ. ನುಡಿಯಲ್ಲಿ ಕೈ ಪಳಗಿದವರಿಗೆ ಕಗಪ ಗೊತ್ತಿರುತ್ತದೆ. ಎಚ್ ಒತ್ತಿದಾಗ 'ಹ' ಬಂದರೆ ಕಗಪ, 'ಪ' ಬಂದರೆ ಇನ್‌ಸ್ಕ್ರಿಪ್ಟ್. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಯಾವುದು ಬಂದರೂ ಕಾಣುವುದು ಬರೀ ಚುಕ್ಕಿ. ಇಂಗ್ಲಿಷ್‌ನಲ್ಲಿ ಇಟ್ಟ ಪಾಸ್‌ವರ್ಡನ್ನು ನೀವು ಕನ್ನಡದಲ್ಲಿ ಹೊಡೆಯುತ್ತಾ ಕೂತಿರುತ್ತೀರಿ, ಅಥವಾ ಅದರ ಉಲ್ಟಾ. ಬೆರಳು ಸರಿಯಾದ ಕೀ ಮೇಲೇ ಬೀಳುತ್ತಿರುತ್ತದೆ, ಅದಕ್ಕೇ ಮೋಸ ಗೊತ್ತಾಗುವುದಿಲ್ಲ.

ಇನ್ನೊಂದು ಮೋಸ ಬ್ರಿಟಿಷ್ ಕೀಬೋರ್ಡಿನದು. ಪಟ್ಟಿಯಲ್ಲಿ 'ಇಂಗ್ಲಿಷ್ ಯುಕೆ' ಕಂಡು, ನಮ್ಮದೂ ಅದೇ ಇಂಗ್ಲಿಷ್ ಅಲ್ವಾ ಎಂದು ಒತ್ತಿರುತ್ತಾರೆ. ಅದರಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಅಟ್ ಗುರುತು ಬರುವುದಿಲ್ಲ, ಜೋಡಿ ಉದ್ಧರಣ ಚಿಹ್ನೆ ಬರುತ್ತದೆ. ಅಟ್ ಗುರುತು ಇರುವುದು ಎಂಟರ್ ಪಕ್ಕದ ಉದ್ಧರಣ ಕೀಯಲ್ಲಿ. ನಮ್ಮಲ್ಲಿ ಪಾಸ್‌ವರ್ಡ್ ಎಂದರೆ ಹೆಸರು, ಅಟ್, 123 ತಾನೇ! ಹಾಗಾಗಿ ಈ ಒಂದು ಗುರುತು ಅದಲು ಬದಲಾದರೆ ಸಾಕು, ಬಾಗಿಲು ಬಂದ್.

ಇನ್ನು ನಮ್ ಲಾಕ್. ಲೆಕ್ಕ ಬರೆಯುವವರು ಅಂಕಿಗಳನ್ನೆಲ್ಲ ಬಲಗಡೆಯ ಕೀಪ್ಯಾಡ್‌ನಲ್ಲೇ ಹೊಡೆಯುತ್ತಾರೆ. ಲಾಗಿನ್ ಪುಟದಲ್ಲಿ ನಮ್ ಲಾಕ್ ಆಫ್ ಇದ್ದರೆ ಅಂಕಿ ಬೀಳುವುದೇ ಇಲ್ಲ, ಕರ್ಸರ್ ಆ ಕಡೆ ಈ ಕಡೆ ಓಡುತ್ತದೆ. ಅಡತಿ ಅಂಗಡಿಯಿಂದ ಫೋನ್ ಬಂದರೆ ನಾನು ಮೊದಲು ಕೇಳುವುದೇ ಇದನ್ನು. ಚುಕ್ಕಿಗಳನ್ನು ಎಣಿಸಿ ನೋಡಿ, ಹೊಡೆದದ್ದಕ್ಕಿಂತ ಕಡಿಮೆ ಇದ್ದರೆ ಇದೇ ಕಾರಣ.

ಪರೀಕ್ಷೆ ಹೇಗೆ? ಉಬುಂಟುವಿನಲ್ಲಿ ಪಾಸ್‌ವರ್ಡ್ ಪೆಟ್ಟಿಗೆಯ ತುದಿಯಲ್ಲಿ ಕಣ್ಣಿನ ಗುರುತು ಇರುತ್ತದೆ, ಅದನ್ನು ಒತ್ತಿದರೆ ಹೊಡೆದದ್ದು ಕಾಣುತ್ತದೆ. ಮಿಂಟ್‌ನಲ್ಲಿ ಮೇಲಿನ ಪಟ್ಟಿಯಲ್ಲಿ ಕೀಬೋರ್ಡ್ ಭಾಷೆಯ ಗುರುತು ನೋಡಿ, ಇಂಗ್ಲಿಷ್ ಅಲ್ಲದಿದ್ದರೆ ಒತ್ತಿ ಬದಲಿಸಿ. ಇದೂ ಸಾಲದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಮೂರೂ ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ 'ಲಾಗಿನ್' ಎಂದು ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀಯನ್ನೂ ಹಿಡಿಯಬೇಕು. ಯೂಸರ್‌ನೇಮ್ ಕೇಳುವ ಆ ಜಾಗದಲ್ಲಿ ಹೊಡೆದದ್ದು ಕಣ್ಣಿಗೆ ಕಾಣುತ್ತದೆ. ಅಲ್ಲಿ ಅಟ್ ಗುರುತು, ಒಂದೆರಡು ಅಂಕಿ, ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ ಹೊಡೆದು ನೋಡಿ. ಇಡೀ ಪಾಸ್‌ವರ್ಡ್ ಹೊಡೆಯಬೇಡಿ. ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ, ಸಿಸ್ಟಮ್‌ನ ದಾಖಲೆಯಲ್ಲೂ ಉಳಿಯಬಹುದು. ನೋಡಿಯಾದ ಮೇಲೆ ಅಳಿಸಿ, ನಿಜವಾದ ಯೂಸರ್‌ನೇಮ್ ಕೊಟ್ಟು, ಪಾಸ್‌ವರ್ಡ್ ಹೊಡೆಯಿರಿ. ಇಲ್ಲಿ ಪಾಸ್‌ವರ್ಡ್‌ಗೆ ಚುಕ್ಕಿಯೂ ಬರುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ, ಅದು ಇರುವುದೇ ಹಾಗೆ.

ಯೂಸರ್‌ನೇಮ್ ಸಾಮಾನ್ಯವಾಗಿ ಪೂರ್ತಿ ಸಣ್ಣಕ್ಷರದಲ್ಲಿರುತ್ತದೆ. ಸ್ಕ್ರೀನ್ ಮೇಲೆ ದೊಡ್ಡಕ್ಷರದಲ್ಲಿ ಕಾಣುವುದು ನಿಮ್ಮ ಪೂರ್ಣ ಹೆಸರು, ಅದು ಬೇರೆ. 'ರೂಟ್' ಎಂದೋ 'ಅಡ್ಮಿನ್' ಎಂದೋ ಕೊಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಉಬುಂಟು, ಮಿಂಟ್ ಎರಡರಲ್ಲೂ ಎಲ್ಲ ಅಧಿಕಾರ ಇರುವ ರೂಟ್ ಖಾತೆಗೆ ಬೀಗ ಹಾಕಿಯೇ ಕೊಡುತ್ತಾರೆ. ಆರ್ಚ್ ಎಂಬ ಇನ್ನೊಂದು ಬಗೆಯ ಲಿನಕ್ಸ್ ಹಾಕಿಕೊಂಡವರಿಗೆ ಒಂದು ಕಿವಿಮಾತು: ಅಲ್ಲಿ ಮೂರು ಸಲ ತಪ್ಪಾದರೆ ಹತ್ತು ನಿಮಿಷ ಸರಿಯಾದ ಪಾಸ್‌ವರ್ಡನ್ನೂ ತೆಗೆದುಕೊಳ್ಳುವುದಿಲ್ಲ. ಸಿಟ್ಟು ಮಾಡಿಕೊಂಡು ಒತ್ತುತ್ತಾ ಹೋಗದೆ ಚಹಾ ಕುಡಿದು ಬನ್ನಿ.

ಒಳಗೆ ಹೋದ ಮೇಲೆ ಇದನ್ನು ಖಾಯಂ ಸರಿ ಮಾಡಬೇಕು. ಟರ್ಮಿನಲ್ ಎಂಬ ಕಮಾಂಡ್ ಕಿಟಕಿಯಲ್ಲಿ 'ಸುಡೊ ಸ್ಪೇಸ್ ಡಿಪಿಕೆಜಿ ಹೈಫನ್ ರೀಕಾನ್ಫಿಗರ್ ಸ್ಪೇಸ್ ಕೀಬೋರ್ಡ್ ಹೈಫನ್ ಕಾನ್ಫಿಗರೇಶನ್' ಕೊಟ್ಟು 'ಇಂಗ್ಲಿಷ್ ಯುಎಸ್' ಆರಿಸಿ. ಡೆಸ್ಕ್‌ಟಾಪ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲೂ ಅದೇ ಮೊದಲ ಸಾಲಿನಲ್ಲಿರಲಿ, ಕನ್ನಡ ಎರಡನೆಯದಾಗಿ ಸೇರಲಿ. ಕನ್ನಡವನ್ನು ಮೊದಲು ಇಡುವ ಅಭಿಮಾನ ಒಳ್ಳೆಯದೇ, ಆದರೆ ಲಾಗಿನ್ ಪುಟ ಅದಕ್ಕೆ ತಕ್ಕ ಜಾಗ ಅಲ್ಲ.

ನಿಜವಾಗಿಯೂ ಮರೆತಿದ್ದರೆ

ಮಷಿನ್ ಆನ್ ಮಾಡಿದ ತಕ್ಷಣ, ಹೊಸ ಬಗೆಯ ಯುಇಎಫ್‌ಐ ಮಷಿನ್ ಆದರೆ ಎಸ್ಕೇಪ್ ಕೀಯನ್ನು ಒಮ್ಮೆ ಒತ್ತಿ, ಹಳೇ ಬಯಾಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ. ಯಾವ ಸಿಸ್ಟಮ್ ಶುರುವಾಗಬೇಕೆಂದು ಕೇಳುವ ಗ್ರಬ್ ಮೆನು ಬರಬೇಕು. ಎಸ್ಕೇಪ್ ಜಾಸ್ತಿ ಒತ್ತಿದರೆ ಮೆನು ದಾಟಿ ಬರೀ 'ಗ್ರಬ್' ಎಂಬ ಸಾಲು ಬರುತ್ತದೆ. ಹಾಗಾದರೆ ಆಫ್ ಮಾಡಿ ಮತ್ತೆ ಶುರು ಮಾಡಿ. ಮೆನುವಿನಲ್ಲಿ 'ಅಡ್ವಾನ್ಸ್ಡ್ ಆಪ್ಶನ್ಸ್', ಅದರೊಳಗೆ 'ರಿಕವರಿ ಮೋಡ್', ಅದರೊಳಗೆ 'ರೂಟ್'. ಅಲ್ಲಿ ಮೊದಲು ಡಿಸ್ಕ್‌ಗೆ ಬರೆಯುವ ಅನುಮತಿ ಕೊಡಬೇಕು:

'ಮೌಂಟ್ ಸ್ಪೇಸ್ ಹೈಫನ್ ಒ ಸ್ಪೇಸ್ ರೀಮೌಂಟ್ ಕಾಮಾ ಆರ್‌ಡಬ್ಲ್ಯೂ ಸ್ಪೇಸ್ ಸ್ಲ್ಯಾಶ್'

ಈ ಸಾಲು ಬಿಟ್ಟರೆ ಮುಂದೆ 'ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್' ಎಂದು ಬೈಯುತ್ತದೆ. ಯೂಸರ್‌ನೇಮ್ ಕೂಡ ಮರೆತಿದ್ದರೆ 'ಎಲ್‌ಎಸ್ ಸ್ಪೇಸ್ ಸ್ಲ್ಯಾಶ್ ಹೋಮ್' ಕೊಡಿ, ಅಲ್ಲಿ ಕಾಣುವ ಫೋಲ್ಡರ್ ಹೆಸರೇ ಯೂಸರ್‌ನೇಮ್. ಆಮೇಲೆ ಪಿ, ಎ, ಎಸ್, ಎಸ್, ಡಬ್ಲ್ಯೂ, ಡಿ, ಸ್ಪೇಸ್, ಹೆಸರು. ಹೊಸ ಪಾಸ್‌ವರ್ಡ್ ಎರಡು ಸಲ ಕೊಡಿ, ರೀಬೂಟ್ ಮಾಡಿ.

ಒಂದು ಎಚ್ಚರಿಕೆ ಇದೆ. ಮಿಂಟ್ ಇನ್‌ಸ್ಟಾಲ್ ಮಾಡುವಾಗ ನಿಮ್ಮ ಫೈಲ್‌ಗಳಿರುವ ಹೋಮ್ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ ಆಯ್ಕೆ ಒತ್ತಿದ್ದರೆ ಈ ದಾರಿ ಬೇಡ. ಫೈಲ್‌ಗಳ ಬೀಗ ಹಳೇ ಪಾಸ್‌ವರ್ಡ್‌ಗೇ ಅಂಟಿಕೊಂಡಿರುತ್ತದೆ, ಹೊಸದರಿಂದ ತೆರೆಯುವುದಿಲ್ಲ. ಎನ್‌ಕ್ರಿಪ್ಟ್ ಮಾಡಿರದಿದ್ದರೆ ಹೆದರಿಕೆಯಿಲ್ಲ. ಒಳಗೆ ಹೋದ ಮೇಲೆ 'ಕೀರಿಂಗ್ ತೆರೆಯಲಿಲ್ಲ' ಎಂದು ಹಳೇ ಪಾಸ್‌ವರ್ಡ್ ಕೇಳುವುದುಂಟು. ಅದರಲ್ಲಿ ಬ್ರೌಸರ್, ವೈಫೈನಂಥವುಗಳ ಉಳಿಸಿಟ್ಟ ಪಾಸ್‌ವರ್ಡ್‌ಗಳು ಇರುತ್ತವೆ. ಹಳೆಯದು ನೆನಪಿಲ್ಲದಿದ್ದರೆ ಆ ಕೀರಿಂಗ್ ಅಳಿಸಿ ಹೊಸದು ಮಾಡಿಕೊಳ್ಳಬೇಕು.

ಅಂದಹಾಗೆ, ಇಷ್ಟು ಸುಲಭವಾಗಿ ನಿಮಗೆ ಪಾಸ್‌ವರ್ಡ್ ಬದಲಿಸಲು ಬಂದರೆ ಮಷಿನ್ ಮುಂದೆ ಕೂತ ಯಾರಿಗಾದರೂ ಬರುತ್ತದೆ.

ಕಪ್ಪಾಗಿ ವಾಪಸ್ ಬರುವುದು

ಪಾಸ್‌ವರ್ಡ್ ಒಪ್ಪಿಕೊಂಡು, ಒಳಗೆ ಬಿಟ್ಟ ಹಾಗೆ ಮಾಡಿ, ಮತ್ತೆ ಹೊಸ್ತಿಲಿಗೇ ತಂದು ನಿಲ್ಲಿಸುವ ಈ ತೊಂದರೆಗೆ 'ಲಾಗಿನ್ ಲೂಪ್' ಎನ್ನುತ್ತಾರೆ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಒಳಗೆ ಬಿಟ್ಟರೆ ಪಾಸ್‌ವರ್ಡ್ ಮೇಲಿನ ಅನುಮಾನ ಪೂರ್ತಿ ಬಿಟ್ಟುಬಿಡಿ. ವಾಪಸ್ ಚಿತ್ರದ ಪರದೆಗೆ ಬರಲು ಕಂಟ್ರೋಲ್, ಆಲ್ಟ್ ಜೊತೆಗೇ ಉಬುಂಟುವಿನಲ್ಲಿ ಎಫ್1, ಮಿಂಟ್‌ನಲ್ಲಿ ಎಫ್7.

ಮೊದಲು ಜಾಗ ನೋಡಿ: 'ಡಿಎಫ್ ಸ್ಪೇಸ್ ಹೈಫನ್ ಎಚ್'. ಕೊನೆಯಲ್ಲಿ ಬರೀ ಸ್ಲ್ಯಾಶ್ ಇರುವ ಸಾಲಿನಲ್ಲಿ 100% ಕಂಡರೆ ಡಿಸ್ಕ್ ತುಂಬಿದೆ. ಡೆಸ್ಕ್‌ಟಾಪ್ ಶುರುವಾಗಲು ಕೆಲವು ಸಣ್ಣ ಫೈಲ್‌ಗಳನ್ನು ಬರೆಯಲೇಬೇಕು. ಜಾಗವಿಲ್ಲದಿದ್ದರೆ ಅಲ್ಲೇ ಸಾಯುತ್ತದೆ. ಮೊನ್ನೆ ಹಾಕಿದ ಸಿಸ್ಟಮ್ ಇಷ್ಟು ಬೇಗ ಹೇಗೆ ತುಂಬಿತು ಅಂತೀರಾ? ವಿಂಡೋಸ್ ಪಕ್ಕದಲ್ಲಿ ಲಿನಕ್ಸ್‌ಗೆ 20 ಜಿಬಿ ಕೊಟ್ಟು ಕೂರಿಸಿರುತ್ತಾರೆ. ಮೇಲೆ ಮಿಂಟ್‌ನ ಟೈಮ್‌ಶಿಫ್ಟ್ ಅದೇ ಪಾರ್ಟಿಶನ್‌ನಲ್ಲಿ ಸಿಸ್ಟಮ್‌ನ ಪ್ರತಿ ತೆಗೆದಿಡುತ್ತದೆ. ಒಂದೆರಡು ಪ್ರತಿಗೆ ಜಾಗ ಖಾಲಿ. 'ಸುಡೊ ಸ್ಪೇಸ್ ಎಪಿಟಿ ಸ್ಪೇಸ್ ಕ್ಲೀನ್' ಕೊಟ್ಟರೆ ಒಂದಿಷ್ಟು ಬಿಡುವಾಗಿ ಲಾಗಿನ್ ಆಗಲು ಸಾಕಾಗಬಹುದು. ಸಾಲದಿದ್ದರೆ 'ಸುಡೊ ಸ್ಪೇಸ್ ಟೈಮ್‌ಶಿಫ್ಟ್ ಸ್ಪೇಸ್ ಹೈಫನ್ ಹೈಫನ್ ಡಿಲೀಟ್' ಕೊಟ್ಟು ಹಳೇ ಪ್ರತಿ ತೆಗೆಯಿರಿ. ಯಾವುದು ಬೇಕೆಂದು ಅದೇ ಕೇಳುತ್ತದೆ.

ಜಾಗ ಇದ್ದರೆ ಮುಂದಿನ ಅನುಮಾನ ಫೈಲ್‌ಗಳ ಒಡೆತನ. 'ಎಲ್‌ಎಸ್ ಸ್ಪೇಸ್ ಹೈಫನ್ ಎಲ್‌ಎ' ಕೊಡಿ. ಪಟ್ಟಿಯಲ್ಲಿ ಡಾಟ್‌ನಿಂದ ಶುರುವಾಗುವ 'ಎಕ್ಸ್‌ಅಥಾರಿಟಿ' ಎಂಬ ಫೈಲ್ ಹುಡುಕಿ. ಅದರ ಸಾಲಿನಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ 'ರೂಟ್' ಎಂದಿದ್ದರೆ ಕಳ್ಳ ಸಿಕ್ಕ. ಯಾರೋ ಡೆಸ್ಕ್‌ಟಾಪ್‌ನಲ್ಲಿ ಕಿಟಕಿ ತೆರೆಯುವ ಪ್ರೋಗ್ರಾಂ ಒಂದನ್ನು ಸುಡೊ ಹಾಕಿ ತೆರೆದಿದ್ದಾರೆ, ಫೈಲ್ ರೂಟ್‌ನ ಹೆಸರಿಗೆ ಹೋಗಿದೆ, ಈಗ ನಿಮ್ಮ ಡೆಸ್ಕ್‌ಟಾಪ್‌ಗೆ ಅದನ್ನು ಮುಟ್ಟಲು ಆಗುತ್ತಿಲ್ಲ. ಅಳಿಸುವ ಬದಲು ಹೆಸರು ಬದಲಿಸಿ. ಎಂವಿ, ಸ್ಪೇಸ್, ಡಾಟ್, ದೊಡ್ಡಕ್ಷರದ ಎಕ್ಸ್, ಆಮೇಲೆ ಟ್ಯಾಬ್ ಕೀ. ಉಳಿದ ಅಕ್ಷರ ತಾನೇ ತುಂಬಿಕೊಳ್ಳುತ್ತದೆ. ಸ್ಪೇಸ್ ಬಿಟ್ಟು 'ಹಳೆ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಎಂಟರ್. ಮುಂದಿನ ಲಾಗಿನ್‌ನಲ್ಲಿ ಹೊಸ ಫೈಲ್ ತಾನಾಗಿ ಹುಟ್ಟುತ್ತದೆ. ಇದು ಹೆಚ್ಚಾಗಿ ಲಾಗಿನ್ ಪುಟಕ್ಕೆ ಲೈಟ್‌ಡಿಎಂ ಎಂಬ ಪ್ರೋಗ್ರಾಂ ಬಳಸುವ ಮಿಂಟ್, ಕ್ಸುಬುಂಟುಗಳ ಕಾಯಿಲೆ. ಉಬುಂಟುವಿನ ಲಾಗಿನ್ ಪ್ರೋಗ್ರಾಂ ಆದ ಜಿಡಿಎಂ ಆ ಫೈಲನ್ನು ಹೋಮ್ ಫೋಲ್ಡರ್‌ನಲ್ಲಿ ಇಡುವುದೇ ಇಲ್ಲ, ಅಲ್ಲಿ ಅದನ್ನು ಹುಡುಕಿ ಹೊತ್ತು ಕಳೆಯಬೇಡಿ.

ಹಳೇ ಲಿನಕ್ಸ್‌ನ ಹೋಮ್ ಪಾರ್ಟಿಶನ್ ಹಾಗೇ ಇಟ್ಟುಕೊಂಡು ಹೊಸದು ಹಾಕಿಸಿದ್ದರೆ ಇನ್ನೊಂದು ನೋಡಬೇಕು. ಲಿನಕ್ಸ್‌ಗೆ ನಿಮ್ಮ ಹೆಸರು ಮುಖ್ಯವಲ್ಲ, ನಂಬರ್ ಮುಖ್ಯ. ಮಿಂಟ್, ಉಬುಂಟುಗಳಲ್ಲಿ ಮೊದಲ ಯೂಸರ್‌ಗೆ 1000, ಎರಡನೆಯವರಿಗೆ 1001. ಹಿಂದೆ ನೀವು ಎರಡನೆಯವರಾಗಿದ್ದು ಈಗ ಮೊದಲನೆಯವರಾದರೆ, ನಿಮ್ಮ ಫೋಲ್ಡರೇ ನಿಮಗೆ ಪರರದ್ದು. 'ಐಡಿ' ಎಂದು ಕೊಟ್ಟರೆ ನಿಮ್ಮ ನಂಬರ್, 'ಎಲ್‌ಎಸ್ ಸ್ಪೇಸ್ ಹೈಫನ್ ಎಲ್‌ಎನ್ ಸ್ಪೇಸ್ ಸ್ಲ್ಯಾಶ್ ಹೋಮ್' ಕೊಟ್ಟರೆ ಫೋಲ್ಡರ್‌ನ ನಂಬರ್. ಹೊಂದದಿದ್ದರೆ ಸುಡೊ, ಸ್ಪೇಸ್, ಸಿ, ಎಚ್, ಒ, ಡಬ್ಲ್ಯೂ, ಎನ್, ಸ್ಪೇಸ್, ಹೈಫನ್, ದೊಡ್ಡಕ್ಷರದ ಆರ್, ಸ್ಪೇಸ್, ಹೆಸರು, ಕೋಲನ್, ಹೆಸರು, ಸ್ಪೇಸ್, ಸ್ಲ್ಯಾಶ್ ಹೋಮ್ ಸ್ಲ್ಯಾಶ್ ಹೆಸರು. ಇಲ್ಲಿ ಅವಸರ ಬೇಡ. ಕೊನೆಯಲ್ಲಿ ಬರೀ ಸ್ಲ್ಯಾಶ್ ಹೊಡೆದು ಎಂಟರ್ ಒತ್ತಿದರೆ ಇಡೀ ಸಿಸ್ಟಮ್ ನಿಮ್ಮ ಹೆಸರಿಗೆ ಬರುತ್ತದೆ. ಆಮೇಲೆ ಫಾರ್ಮ್ಯಾಟ್ ಹೊಡೆಯದೆ ಗತಿಯಿಲ್ಲ.

ಯಾವ ಅನುಮಾನವೂ ಗಟ್ಟಿಯಾಗದಿದ್ದರೆ ನನಗೆ ಇಷ್ಟವಾದ ಪರೀಕ್ಷೆ ಇದು: 'ಸುಡೊ ಸ್ಪೇಸ್ ಆಡ್‌ಯೂಸರ್ ಸ್ಪೇಸ್ ಟೆಸ್ಟ್' ಎಂದು ಹೊಸ ಯೂಸರ್ ಮಾಡಿ, ಚಿತ್ರದ ಪರದೆಯಿಂದ ಆ ಹೆಸರಲ್ಲಿ ಲಾಗಿನ್ ಆಗಿ. ಆಯಿತಾ? ಹಾಗಾದರೆ ಸಿಸ್ಟಮ್ ಚೆನ್ನಾಗಿದೆ, ತೊಂದರೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿದೆ. ಅವನೂ ವಾಪಸ್ ಬಂದರೆ ನಿಮ್ಮ ಫೈಲ್‌ಗಳನ್ನು ಮುಟ್ಟುವುದು ಬಿಟ್ಟು ಡ್ರೈವರ್, ಡಿಸ್ಕ್, ಅರ್ಧಕ್ಕೆ ನಿಂತ ಅಪ್‌ಡೇಟ್ ಇವುಗಳನ್ನು ನೋಡಿ.

ಕರೆಂಟ್ ಹೋದ ಮೇಲೆ ಶುರುವಾಗಿದ್ದರೆ

ಶಕ್ತಿನಗರ, ಕುಡತಿನಿ ಎರಡೂ ಕಡೆ ಕಲ್ಲಿದ್ದಲು ಉರಿಸಿ ಕರೆಂಟ್ ಮಾಡುವ ಸೀಮೆ ನಮ್ಮದು. ಆದರೂ ಯುಪಿಎಸ್ ಇಲ್ಲದೆ ಅಪ್‌ಡೇಟ್‌ಗೆ ಹಚ್ಚಬೇಡಿ ಅಂತಲೇ ನಾನು ಹೇಳುವುದು. ಹೊಸ ಸಿಸ್ಟಮ್ ಮೊದಲ ದಿನವೇ ನೂರಾರು ಪ್ಯಾಕೇಜ್ ಇಳಿಸುತ್ತದೆ. ಅದರ ನಡುವೆ ಕರೆಂಟ್ ಹೋದರೆ ಡೆಸ್ಕ್‌ಟಾಪ್ ಅರ್ಧ ಹಳೆಯದು, ಅರ್ಧ ಹೊಸದಾಗಿ ನಿಲ್ಲುತ್ತದೆ. ಎಫ್3 ಪರದೆಯಲ್ಲಿ 'ಸುಡೊ ಸ್ಪೇಸ್ ಡಿಪಿಕೆಜಿ ಸ್ಪೇಸ್ ಹೈಫನ್ ಹೈಫನ್ ಕಾನ್ಫಿಗರ್ ಸ್ಪೇಸ್ ಹೈಫನ್ ಎ' ಕೊಡಿ, ಅದು ಮುಗಿದ ಮೇಲೆ 'ಸುಡೊ ಸ್ಪೇಸ್ ಎಪಿಟಿ ಸ್ಪೇಸ್ ಹೈಫನ್ ಹೈಫನ್ ಫಿಕ್ಸ್ ಹೈಫನ್ ಬ್ರೋಕನ್ ಸ್ಪೇಸ್ ಇನ್‌ಸ್ಟಾಲ್'. ಎಷ್ಟೋ ಮಷಿನ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಡಿಸ್ಕ್‌ಗೇ ಪೆಟ್ಟಾಗಿದೆಯಾ ಎಂದು ತಿಳಿಯಲು 'ಟಚ್ ಸ್ಪೇಸ್ ಎಬಿಸಿ' ಎಂದು ಖಾಲಿ ಫೈಲ್ ಮಾಡಿ ನೋಡಿ. 'ರೀಡ್ ಓನ್ಲಿ' ಎಂದರೆ ಲಿನಕ್ಸ್ ಡಿಸ್ಕ್‌ನಲ್ಲಿ ದೋಷ ಕಂಡು ತಾನೇ ಬರೆಯುವುದನ್ನು ನಿಲ್ಲಿಸಿದೆ. ಲಾಗಿನ್ ಪುಟವೇ ಬರದೆ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಸಾಲಿನಲ್ಲಿ ನಿಂತಿದ್ದರೂ ಇದೇ ಕಥೆ. ಅದರ ಮೇಲಿನ ಸಾಲುಗಳಲ್ಲಿ ಯಾವ ಪಾರ್ಟಿಶನ್ ಎಂದು ಸಾಮಾನ್ಯವಾಗಿ ಹೇಳಿರುತ್ತದೆ. ಅದು ಎಸ್‌ಡಿಎ2 ಎಂದಿದ್ದರೆ ಎಫ್, ಎಸ್, ಸಿ, ಕೆ, ಸ್ಪೇಸ್, ಹೈಫನ್ ವೈ, ಸ್ಪೇಸ್, ಸ್ಲ್ಯಾಶ್ ಡಿಇವಿ ಸ್ಲ್ಯಾಶ್ ಎಸ್‌ಡಿಎ2 ಕೊಡಿ. ಓಡುತ್ತಿರುವ ಪಾರ್ಟಿಶನ್ ಮೇಲೆ ಇದನ್ನು ಮಾಡಬಾರದು. ಡೆಸ್ಕ್‌ಟಾಪ್‌ವರೆಗೂ ಬಂದ ಮಷಿನ್ ಆದರೆ ಪೆನ್‌ಡ್ರೈವ್‌ನಿಂದ ಶುರು ಮಾಡಿ ಅಲ್ಲಿಂದ ಮಾಡಿ. ಸರಿ ಮಾಡಿದರೂ ಮತ್ತೆ ಮತ್ತೆ ಇದೇ ಬಂದು, 'ಐ ಓ ಎರರ್' ಸಾಲುಗಳೂ ಕಂಡರೆ ಡಿಸ್ಕ್ ಸಾಯುತ್ತಿದೆ. ಮೊದಲು ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಲಾಗಿನ್ ಆಮೇಲೆ.

ಕಪ್ಪಾಗಿ ಹಾಗೇ ಉಳಿದರೆ

ಮಿಂಟ್‌ನ ಲಾಗಿನ್ ಪುಟದಲ್ಲಿ ಯೂಸರ್‌ನೇಮ್ ಪಕ್ಕ ಸಣ್ಣ ಗುರುತು ಇರುತ್ತದೆ. ಅದನ್ನು ಒತ್ತಿ 'ಸಿನಮನ್ ಸಾಫ್ಟ್‌ವೇರ್ ರೆಂಡರಿಂಗ್' ಆರಿಸಿ ಲಾಗಿನ್ ಆಗಿ. ಬಂದರೆ ತೊಂದರೆ ಗ್ರಾಫಿಕ್ಸ್‌ನದೇ. ಉಬುಂಟು 24.04ರಲ್ಲಿ ಹೆಸರು ಒತ್ತಿದ ಮೇಲೆ ಕೆಳಗೆ ಬಲಮೂಲೆಯಲ್ಲಿ ಚಕ್ರದ ಗುರುತು ಬರುತ್ತದೆ, ಅಲ್ಲಿ 'ಉಬುಂಟು ಆನ್ ಎಕ್ಸ್‌ಆರ್ಗ್' ಆರಿಸಿ ನೋಡಿ.

ಎರಡೂ ಆಗದಿದ್ದರೆ ಗ್ರಬ್ ಮೆನುವಿನಲ್ಲಿ ಇ ಕೀ ಒತ್ತಿ. 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂದು ಸೇರಿಸಿ, ಎಫ್10 ಒತ್ತಿ. ಇಂಗ್ಲಿಷ್‌ನಲ್ಲಿ ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ, ಎಲ್ಲ ಕೂಡಿಸಿ. ಇದು ಆ ಒಂದು ಸಲಕ್ಕೆ ಮಾತ್ರ. ಚಿತ್ರ ದಪ್ಪದಪ್ಪವಾಗಿ ಕಂಡರೂ ಒಳಗೆ ಹೋಗಬಹುದು. ಅಲ್ಲಿಂದ ಮಿಂಟ್‌ನ 'ಡ್ರೈವರ್ ಮ್ಯಾನೇಜರ್' ಅಥವಾ ಉಬುಂಟುವಿನ 'ಅಡಿಶನಲ್ ಡ್ರೈವರ್ಸ್' ತೆರೆದು, ಎನ್‌ವಿಡಿಯಾ ಕಾರ್ಡ್ ಇದ್ದರೆ ಅದು ಸೂಚಿಸುವ ಡ್ರೈವರ್ ಹಾಕಿ.

ಡ್ರೈವರ್ ಹಾಕಿದ ಮೇಲೆಯೇ ಕಪ್ಪಾಗಿದ್ದರೆ ಸೆಕ್ಯೂರ್ ಬೂಟ್ ಕಡೆ, ಅಂದರೆ ಒಪ್ಪಿಗೆಯಿಲ್ಲದ ಡ್ರೈವರ್‌ಗಳನ್ನು ತಡೆಯುವ ಕಾವಲಿನ ಕಡೆ ನೋಡಿ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬಂದು 'ಎನ್‌ರೋಲ್ ಎಂಒಕೆ' ಆಯ್ಕೆ ತೋರಿಸುತ್ತದೆ. ಏನೋ ವೈರಸ್ ಎಂದು ಹೆದರಿ ಜನ 'ಕಂಟಿನ್ಯೂ ಬೂಟ್' ಒತ್ತಿಬಿಡುತ್ತಾರೆ. ಆಗ ಡ್ರೈವರ್ ಲೋಡ್ ಆಗುವುದಿಲ್ಲ.

ಡ್ರೈವರ್ ಇಳಿಸಲು ಹೋದರೆ 'ರಿಲೀಸ್ ಫೈಲ್ ಇನ್ನೂ ಮಾನ್ಯವಲ್ಲ' ಎಂಬರ್ಥದ ತಕರಾರು ಬಂತಾ? ಗಡಿಯಾರ ನೋಡಿ. ಹಳೇ ಮಷಿನ್‌ನ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ನಾಣ್ಯದಂಥ ಆ ಸೆಲ್‌ಗೆ ಸಿಆರ್2032 ಎಂದು ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಇಷ್ಟಾದರೂ ಆಗದಿದ್ದರೆ ಎಫ್3 ಪರದೆಯಲ್ಲಿ 'ಜರ್ನಲ್‌ಸಿಟಿಎಲ್ ಸ್ಪೇಸ್ ಹೈಫನ್ ಬಿ ಸ್ಪೇಸ್ ಹೈಫನ್ ಪಿ ಸ್ಪೇಸ್ ಇಆರ್‌ಆರ್' ಕೊಟ್ಟು ಕೊನೆಯ ಪುಟದ ಫೋಟೊ ತೆಗೆದು ಗೊತ್ತಿದ್ದವರಿಗೆ ಕಳಿಸಿ. ಕೊನೆಗೆ ಹೋಗಲು ಶಿಫ್ಟ್ ಹಿಡಿದು ಜಿ, ಹೊರಬರಲು ಕ್ಯೂ. ಕೆಂಪು ಸಾಲು ಕಂಡ ಕೂಡಲೇ ಗಾಬರಿ ಬೇಡ. 'ಎಸಿಪಿಐ' ಎಂದಿರುವ ತಕರಾರುಗಳು ಚೆನ್ನಾಗಿರುವ ಮಷಿನ್‌ನಲ್ಲೂ ಇರುತ್ತವೆ. ಲೈಟ್‌ಡಿಎಂ, ಜಿಡಿಎಂ, ಎಕ್ಸ್‌ಆರ್ಗ್, ನೌವೋ, ಎನ್‌ವಿಡಿಯಾ ಈ ಹೆಸರುಗಳಿರುವ ಸಾಲುಗಳು ಫೋಟೊದಲ್ಲಿ ಸ್ಪಷ್ಟವಾಗಿ ಬಂದಿರಲಿ, ಅಷ್ಟು ಸಾಕು.